ಫೋಟೋಗೆ ನಿಲ್ಲದ ನಾಯಿ

"ಗುರುಗಳೇ, ತಪ್ಪಾಯಿತು ಎಂದು ಬಾಯಿಬಿಟ್ಟು ಕೇಳಿದ ಮೇಲೂ ಎದುರಿನವರ ಮನಸ್ಸು ತಿಳಿಯಾಗದಿದ್ದರೆ, ಆಮೇಲಿನ ತಪ್ಪು ಯಾರದು?"

ಷಡಕ್ಷರಿ ಹೀಗೆ ಕೇಳಿದ್ದು ಬೆಳಗಿನ ಪೂಜೆ ಮುಗಿದ ಮೇಲೆ. ಮಠದ ದಾಸೋಹದ ಉಸ್ತುವಾರಿ ಅವನದು. ಹೋದ ಸೋಮವಾರ ಪಂಕ್ತಿಯಲ್ಲಿ ಕೂತ ಭಕ್ತರೊಬ್ಬರ ಬಾಯಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತ್ತು. ಷಡಕ್ಷರಿ ಅಕ್ಕಿ ಆರಿಸುವ ಪುಟ್ಟನಂಜಮ್ಮನನ್ನು ಪಂಕ್ತಿಯ ನಡುವೆಯೇ ಕರೆಸಿ, ಎಲ್ಲರೂ ಕೇಳುವ ಹಾಗೆ, "ಕಣ್ಣು ಕಾಣದಿದ್ದರೆ ಮನೆಯಲ್ಲಿರಬೇಕಮ್ಮ" ಎಂದುಬಿಟ್ಟ. ಆಕೆಗೆ ಅರವತ್ತೆಂಟು ವರ್ಷ. ಇಪ್ಪತ್ತು ವರ್ಷದಿಂದ ಏನನ್ನೂ ಬಯಸದೆ ಮಠದ ಅಕ್ಕಿ ಆರಿಸಿದವಳು. ಮಾತು ಬಾಯಿಂದ ಹೋದ ಕೂಡಲೇ ಷಡಕ್ಷರಿಗೆ ಚುರುಕ್ಕೆಂದಿತು. ಮಾರನೆಯ ದಿನವೇ ಹೋಗಿ ಕ್ಷಮೆ ಕೇಳಿದ. "ಅಯ್ಯೋ, ಬಿಡಿ ಬುದ್ಧಿ" ಎಂದಳು. ಆದರೆ ಅವತ್ತಿನಿಂದ ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಸೆರಗು ಎಳೆದುಕೊಂಡು ಮೊರದ ಮೇಲೆ ಇನ್ನಷ್ಟು ಬಾಗುತ್ತಾಳೆ. ಮೊದಲಾದರೆ "ಉಂಡ್ರಾ ಬುದ್ಧಿ?" ಎಂದು ಅವಳೇ ಮುಂದಾಗಿ ಕೇಳುತ್ತಿದ್ದಳು.

"ಮೂರು ಸಲ ಕೇಳಿದೆ ಗುರುಗಳೇ. ಕೈಯನ್ನೂ ಮುಗಿದೆ. ಇನ್ನು ನಾನು ಮಾಡುವುದು ಏನು ಉಳಿದಿದೆ?"

ಗುರುಗಳು ವಿಭೂತಿಯ ಗಟ್ಟಿಯನ್ನು ಕರಡಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. 

"ಒಬ್ಬ ವ್ಯಾಪಾರಿ ಇದ್ದ, ಕೇಳು" ಎಂದರು.

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ದೈವಭಕ್ತ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಮೊದಲ ಊದುಕಡ್ಡಿ ದೇವರ ಪಟಕ್ಕೆ. ಎರಡನೆಯದು ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿಗೆ. ಅನ್ನ ಕೊಡುವ ಕಡ್ಡಿ ಎಂದು ಅದಕ್ಕೆ ಕುಂಕುಮ ಇಟ್ಟು, ಕಣ್ಣಿಗೊತ್ತಿಕೊಂಡು, ಮೊಳೆಗೆ ತೂಗುಹಾಕಿ, ಆಮೇಲೆ ಗಾದಿಯ ಮೇಲೆ ಕೂರುವನು.

ಬಣ್ಣದ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಒಂದು ಬಣ್ಣ, ಬೀದಿಯಲ್ಲಿ ಇನ್ನೊಂದು ಬಣ್ಣ. ಗಿರಾಕಿ ಸೀರೆ ಒಪ್ಪಿದ ಮೇಲೂ, "ಒಂದು ಸಲ ಹೊಸ್ತಿಲ ಹತ್ತಿರ ಬನ್ನಿ ತಾಯಿ, ಬೆಳಕಲ್ಲಿ ನೋಡಿ ತಗೊಳ್ಳಿ" ಎಂದು ಎಬ್ಬಿಸಿ ಕರೆದುಕೊಂಡು ಹೋಗಿ, ಸೆರಗನ್ನು ಹೊರಗಿನ ಬೆಳಕಿಗೆ ಹಿಡಿದು ತೋರಿಸುವನು. ಪೇಟೆಯಲ್ಲಿ ಅವನಿಗೆ ಹೆಸರು ಬಂದದ್ದೇ ಇದರಿಂದ.

ಹೆಂಡತಿ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು. ಆ ಮಗಳಿಗೆ ಒಂದು ನಾಯಿ. ಚರಂಡಿಯ ಪಕ್ಕ ನಡುಗುತ್ತಾ ಬಿದ್ದಿದ್ದ ಮರಿಯನ್ನು ತಂದು, ಹಾಲಿನಲ್ಲಿ ಬತ್ತಿ ಅದ್ದಿ ಅದ್ದಿ ಕುಡಿಸಿ ಬದುಕಿಸಿದ್ದಳು. ಮೈ ಅಚ್ಚು ಬೆಲ್ಲದ ಬಣ್ಣ. ಬೆಲ್ಲ ಎಂದೇ ಹೆಸರಿಟ್ಟಳು.

ಮದುವೆಯಾಗಿ ಗಂಡನ ಮನೆಗೆ ಹೊರಡುವ ದಿನ ಅವಳು ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಅಪ್ಪಾ, ಬೆಲ್ಲನ ಮೇಲೆ ಮಾತ್ರ ಕೈ ಎತ್ತಬೇಡ. ಗದರಿದ್ರೇ ಸಾಕು ಅದಕ್ಕೆ, ಅನ್ನ ಬಿಟ್ಬಿಡುತ್ತೆ."

"ಹೋಗೇ ಹುಚ್ಚಿ. ನಾನ್ಯಾಕೆ ಎತ್ತಲಿ?" ಎಂದು ಅವನು ದೇವರ ದೀಪದ ಕಡೆ ಕೈ ತೋರಿಸಿ ಮಾತು ಕೊಟ್ಟ.

ಒಂದು ವರ್ಷ ಆ ಮಾತು ಉಳಿಯಿತು. ನಾಯಿ ದಿನವೂ ಅವನ ಹಿಂದೆಯೇ ಅಂಗಡಿಗೆ ಬರುವುದು. ಅಂಗಡಿಯ ಜಗುಲಿಯಲ್ಲಿ ಒಬ್ಬ ವಯಸ್ಸಾದ ದರ್ಜಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ಹೊತ್ತೇರಿದರೆ ನಾಯಿ ಆ ಯಂತ್ರದ ಕೆಳಗೆ, ಚಿಂದಿಯ ರಾಶಿಯಲ್ಲಿ ಮಲಗುವುದು.

ಒಂದು ದಿನ ಮಳೆ ಬಂತು. ಅಂಗಡಿಗೆ ಮದುವೆಯ ಜವಳಿಗೆಂದು ಒಂದು ಮನೆಯವರೇ ಏಳೆಂಟು ಜನ ಬಂದರು. ವ್ಯಾಪಾರಿ ಗಾದಿಯ ತುಂಬ ರೇಷ್ಮೆ ಹರಡಿದ. ಅಷ್ಟರಲ್ಲಿ ನೆನೆದ ನಾಯಿ ಒಳಗೆ ಬಂದು, ಯಜಮಾನನ ಪಕ್ಕ ಬೆಚ್ಚಗೆ ಕೂರಲು ಗಾದಿ ಹತ್ತಿತು. ಕೆಸರಿನ ಕಾಲು ಧಾರೆ ಸೀರೆಯ ಮೇಲೆ ಬಿತ್ತು. ಹೆಂಗಸರು "ಶಿವ ಶಿವಾ, ಶುಭಕಾರ್ಯಕ್ಕೆ ಬಂದ್ರೆ ಇದೇನಿದು!" ಎಂದು ಎದ್ದು ನಿಂತರು. ವ್ಯಾಪಾರಿಯ ಕೈ ಮೊಳೆಗೆ ಹೋಯಿತು. ಕಡ್ಡಿ ಕೈಗೆ ಬಂತು. ಬೆನ್ನ ಮೇಲೆ ಏಟು ಬಿತ್ತು.

ನಾಯಿ ಕೂಗುತ್ತಾ ಓಡಿತು. ಹೆಂಗಸರು ಮತ್ತೆ ಕೂತರು. ಜವಳಿ ಅಲ್ಲೇ ಆಯಿತು.

ಮಾರನೆಯ ಬೆಳಿಗ್ಗೆ ಅವನು ಎಂದಿನ ಹಾಗೆ ಕಡ್ಡಿಗೆ ಕುಂಕುಮ ಇಟ್ಟ, ಕಣ್ಣಿಗೊತ್ತಿಕೊಂಡ. ಏನೂ ಅನಿಸಲಿಲ್ಲ.

ಅಲ್ಲಿಂದ ಅದೊಂದು ಅಭ್ಯಾಸವಾಯಿತು. ಗಿರಾಕಿ ಹೊಸ್ತಿಲು ದಾಟುವಾಗ ನಾಯಿ ಒಳಗಿದ್ದರೆ ಅವನು ಕಡ್ಡಿ ಎತ್ತುವನು. ನಾಯಿ ಹೊರಗೆ ಓಡುವುದು. ಐದಾರು ಸಲ ಎತ್ತಿದ್ದು ಬಿದ್ದೂ ಬಿಟ್ಟಿತು. 'ನಾನು ಹೊಡೆಯುವುದೆಲ್ಲಿ? ಬರೀ ಎತ್ತುತ್ತೇನೆ ಅಷ್ಟೇ' ಎಂದು ತನಗೆ ತಾನೇ ಹೇಳಿಕೊಂಡ. ಎತ್ತಲೇಬೇಡ ಎಂದಲ್ಲವೇ ಮಗಳು ಕೇಳಿದ್ದು? ಅದು ಅವನಿಗೆ ನೆನಪಾಗುತ್ತಿರಲಿಲ್ಲ. ನೆನಪಾಗದ ಹಾಗೆ ನೋಡಿಕೊಂಡಿದ್ದ.

ಹೀಗಿರುವಾಗ ಮಗಳು ಬಸುರಿಯಾದಳು. ಆರನೆಯ ತಿಂಗಳಲ್ಲಿ ಡಾಕ್ಟರು ಹೆರಿಗೆಯವರೆಗೆ ಮಂಚ ಬಿಟ್ಟು ಇಳಿಯಬೇಡ ಎಂದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವುದು ನಿಂತುಹೋಯಿತು. ಅವಳು ಫೋನು ಮಾಡಿದಳು.

"ಅಪ್ಪಾ, ಗೋಡೆ ನೋಡಿ ನೋಡಿ ಸಾಕಾಗಿದೆ. ಬೆಲ್ಲನ ಒಂದು ಒಳ್ಳೆ ಫೋಟೋ ಕಳ್ಸು. ದೊಡ್ಡದು ಮಾಡ್ಸಿ ಎದುರು ಗೋಡೆಗೆ ಅಂಟಿಸ್ಕೊಳ್ತೀನಿ."

"ಅಪ್ಪನ ಫೋಟೋ ಬೇಡ್ವೇನೆ?"

"ನಿನ್ನ ಮುಖ ಗೊತ್ತಿರೋದೇ ಬಿಡಪ್ಪ. ನಂಗೆ ಬೆಲ್ಲ ಬೇಕು."

"ವಿಡಿಯೋ ಕಾಲೇ ಮಾಡ್ತೀನಲ್ಲ."

"ಇಲ್ಲಿ ವಿಡಿಯೋಗೆ ಸಿಗ್ನಲ್ ಸಿಗ್ಬೇಕಂದ್ರೆ ತಾರಸಿ ಹತ್ಬೇಕು. ಫೋಟೋ ಆದ್ರೆ ತೆವಳ್ಕೊಂಡಾದ್ರೂ ಬರುತ್ತೆ. ಕೇಳು, ಹೆಂಗೆ ತೆಗೀಬೇಕು ಅಂತ ಹೇಳ್ತೀನಿ. ಮೊದಲು ಫೋನಿನ ಹಿಂದಿರೋ ಆ ಗಾಜನ್ನ ಒರೆಸು, ನಿನ್ನ ಫೋನ್ ಮೇಲೆ ಯಾವಾಗ್ಲೂ ಎಣ್ಣೆ ಬೆರಳು. ಫ್ಲ್ಯಾಶ್ ಹಾಕ್ಬೇಡ, ಕಣ್ಣು ದೆವ್ವದ ಥರ ಬರುತ್ತೆ. ಬೆಳಕು ಮುಖದ ಮೇಲೆ ಬೀಳೋ ಹಾಗೆ ನಿಲ್ಸು. ಒಂದು ತೆಗೆದು ಸುಮ್ನಾಗ್ಬೇಡ, ಹತ್ತು ತೆಗಿ, ಒಂದು ಚೆನ್ನಾಗಿ ಬರುತ್ತೆ. ಆಮೇಲೆ ಅಪ್ಪಾ, ಇದು ಮುಖ್ಯ. ನಿಂತ್ಕೊಂಡು ಮೇಲಿಂದ ತೆಗೀಬೇಡ. ಕೆಳಗೆ ಕೂತ್ಕೊ. ಅದರ ಕಣ್ಣು ಎಲ್ಲಿದೆಯೋ ನಿನ್ನ ಫೋನು ಅಲ್ಲಿರ್ಬೇಕು."

"ಆಯ್ತಮ್ಮ" ಎಂದ ವ್ಯಾಪಾರಿ. ಎಲ್ಲವನ್ನೂ ಮನಸ್ಸಿಗೆ ಹಾಕಿಕೊಂಡ, ಕೊನೆಯದೊಂದನ್ನು ಬಿಟ್ಟು. ಅವನಿಗೆ ಮಂಡಿನೋವು ಇತ್ತು, ನಿಜ. ಆದರೆ ಕಾರಣ ಅದಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟ ಅಂಗಡಿಯ ಯಜಮಾನ, ಬೀದಿಗೆ ಕಾಣುವ ಹಾಗೆ, ಒಂದು ನಾಯಿಯ ಮುಂದೆ ನೆಲಕ್ಕೆ ಕೂತರೆ ಎದುರಂಗಡಿಯವರು ಏನೆಂದಾರು?

ಮೊದಲ ದಿನ ಅಂಗಡಿಯ ಒಳಗೆ ತೆಗೆದ. ಚಿತ್ರ ಮಸುಕಾಯಿತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಅವನಿಗೆ ತನ್ನ ಕಸುಬಿನ ಬುದ್ಧಿ ನೆನಪಾಯಿತು. ಸೀರೆಯ ಸೆರಗಿಗೆ ಬೇಕಾದ ಬೆಳಕೇ ನಾಯಿಗೂ ಬೇಕಾದ್ದು ಎಂದುಕೊಂಡು ಬೆಲ್ಲನನ್ನು ಹೊಸ್ತಿಲ ಹತ್ತಿರ ನಿಲ್ಲಿಸಿದ. ಫೋನನ್ನು ತನ್ನ ಕಣ್ಣಿನ ಮಟ್ಟಕ್ಕೆ ಎತ್ತಿದ. ಕ್ಲಿಕ್ಕೆಂದಿತು.

ಬಣ್ಣ ಬಂದಿತ್ತು. ಒಂದೊಂದು ರೋಮವೂ ಎಣಿಸುವ ಹಾಗೆ ಬಂದಿತ್ತು. ಆದರೆ ನಾಯಿಯ ಕಿವಿಗಳೆರಡೂ ತಲೆಗೆ ಅಂಟಿದ್ದವು. ಬಾಲ ಹೊಟ್ಟೆಯ ಕೆಳಗೆ ಸೇರಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ಮೈ ನೆಲಕ್ಕೆ ಇಳಿದಿತ್ತು.

ಮತ್ತೊಂದು ತೆಗೆದ. ಹತ್ತು ತೆಗೆದ. ಬಿಸ್ಕತ್ತು ಕೊಟ್ಟು ತೆಗೆದ. ಬಿಸ್ಕತ್ತು ತಿನ್ನುವಾಗ ಬಾಲ ಆಡುವುದು. ಫೋನು ಮೇಲೆ ಹೋದೊಡನೆ ನಿಲ್ಲುವುದು.

"ಇದಕ್ಕೆ ಫೋಟೋ ಅಂದ್ರೆ ನಾಚ್ಕೆ ಕಣಯ್ಯ" ಎಂದು ದರ್ಜಿಗೆ ಹೇಳಿ ನಕ್ಕ.

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ನಗಲಿಲ್ಲ.

ಬಾಯಿಲ್ಲದ ಜೀವಿಗಳಿಗೆ ಶಿವನು ಕಿವಿಯಲ್ಲಿ, ಬಾಲದಲ್ಲಿ ಮಾತು ಇಟ್ಟಿದ್ದಾನೆ. ವ್ಯಾಪಾರಿ ಬೆಳಕನ್ನು ಸರಿಮಾಡಿಕೊಂಡಷ್ಟೂ ಆ ಮಾತು ಸ್ಪಷ್ಟವಾಗುತ್ತಾ ಹೋಯಿತು. ಅವನಿಗೆ ಕಂಡದ್ದು ಮಾತ್ರ ಫೋಟೋ ಸರಿ ಬರಲಿಲ್ಲ ಎಂಬುದು. ಒಂದೊಂದನ್ನೇ ಅಳಿಸಿಹಾಕಿದ.

ಆಮೇಲೆ ಒಂದು ಉಪಾಯ ಹೊಳೆಯಿತು. ಫೋನಿಗೆ ಸಿಕ್ಕಿಸುವ ಉದ್ದನೆಯ ಸೆಲ್ಫಿ ಕಡ್ಡಿ ಬರುತ್ತದಲ್ಲ, ಅದನ್ನು ತಂದ. ಕಡ್ಡಿಯ ತುದಿಗೆ ಫೋನು ಹಾಕಿ ಕೆಳಗೆ ಇಳಿಬಿಟ್ಟರೆ ಅದು ನಾಯಿಯ ಕಣ್ಣಿನ ಮಟ್ಟಕ್ಕೆ ಹೋಗುತ್ತದೆ. ಮಗಳು ಹೇಳಿದ ಹಾಗೂ ಆಯಿತು, ತಾನು ಬಗ್ಗುವುದೂ ತಪ್ಪಿತು.

ಅಂಗಡಿಯಲ್ಲಿ ಒಬ್ಬ ತಾಯಿ ಮೊಮ್ಮಗಳ ಲಂಗಕ್ಕೆ ಬಟ್ಟೆ ನೋಡುತ್ತಿದ್ದಳು. ನಾಯಿ ಹೊಸ್ತಿಲಲ್ಲಿ ಮಲಗಿತ್ತು. ವ್ಯಾಪಾರಿ ಎದ್ದುಬಂದು ಸೆಲ್ಫಿ ಕಡ್ಡಿಯನ್ನು ಹಿಡಿದು ಎಳೆದ. ಅದು ಸರ್ರನೆ ಉದ್ದವಾಯಿತು.

ಏಟೇ ಬೀಳದೆ ನಾಯಿ ಕೂಗಿತು. ಬಿದ್ದ ಏಟಿಗೆ ಕೂಗುವ ಹಾಗೆ ಕೂಗಿತು. ಓಡಲು ಕಾಲು ಬರದೆ, ಇದ್ದಲ್ಲೇ ಮುದುಡಿಕೊಂಡು ಹೊಸ್ತಿಲ ಮೇಲೆ ಒದ್ದೆ ಮಾಡಿಕೊಂಡಿತು.

ಆ ತಾಯಿ ಬಟ್ಟೆ ಕೆಳಗಿಟ್ಟಳು.

"ಅಯ್ಯೋ ಪಾಪ! ಯಾರೋ ಕಟುಕರು ಬಡಿದು ಬಡಿದು ಇದನ್ನ ಹಿಂಗೆ ಮಾಡಿದ್ದಾರೆ. ಬೀದೀಲಿ ಸಿಕ್ತಾ ಸಾವ್ಕಾರ್ರೇ?"

ವ್ಯಾಪಾರಿ ಕಡ್ಡಿ ಮಡಚಿದ. "ಹೂಂ ತಾಯಿ" ಎಂದ. "ಬೀದೀದೇ. ಬಂದಾಗ್ಲೇ ಹಿಂಗಿತ್ತು."

"ಅಂಥದನ್ನ ತಂದು ಇಟ್ಕೊಂಡಿದ್ದೀರಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಜಗುಲಿಯ ಮೇಲೆ ಹೊಲಿಗೆ ಯಂತ್ರ ನಿಂತಿತು. ವ್ಯಾಪಾರಿ ಆ ಕಡೆ ನೋಡಲಿಲ್ಲ. ನೋಡಲು ಆಗಲಿಲ್ಲ. ಬಣ್ಣದಲ್ಲಿ ಒಂದು ಸುಳ್ಳೂ ಹೇಳದವನು ಹೊಸ್ತಿಲ ಬೆಳಕಿನಲ್ಲಿಯೇ ನಿಂತು ಹೇಳಿದ ಸುಳ್ಳು ಅದು. ಅದಕ್ಕೆ ಸಿಕ್ಕಿದ್ದು ಹಾರೈಕೆ. ತಾಯಿ ಹೋದ ಮೇಲೆ ಅವನೇ ಬಕೆಟ್ಟು ತಂದು ಹೊಸ್ತಿಲು ತೊಳೆದ. ನಾಯಿ ದರ್ಜಿಯ ಕಾಲಸಂದಿಯಲ್ಲಿ ಸೇರಿಕೊಂಡು ನಡುಗುತ್ತಿತ್ತು.

ಅದೇ ಮಧ್ಯಾಹ್ನ ಮಗಳ ಫೋನು ಬಂತು.

"ಅಪ್ಪಾ, ಒಂದು ವಾರ ಆಯ್ತು. ಯಾಕೆ ಕಳಿಸ್ಲಿಲ್ಲ?"

"ಸರಿಯಾಗಿ ಬರ್ತಿಲ್ಲ ಕಣಮ್ಮ."

 ಅವಳ ದನಿ ಒಡೆಯಿತು.

"ಬೆಲ್ಲ ಇದೆ ತಾನೆ ಅಪ್ಪಾ? ಹೋಗ್ಬಿಟ್ಟಿದ್ರೆ ಹೇಳ್ಬಿಡು. ನಂಗೇನೂ ಆಗಲ್ಲ, ನಿಜ ಹೇಳು."

"ಬಿಡ್ತು ಅನ್ನು. ಇದೆ, ಚೆನ್ನಾಗಿದೆ. ಇವತ್ತೇ ಕಳಿಸ್ತೀನಿ. ಅಳಬೇಡ ನನ್ನಮ್ಮ, ಅಳಬಾರದು ಈಗ ನೀನು."

ಕಳಿಸದಿದ್ದರೆ ನಾಯಿ ಸತ್ತಿದೆ ಎಂದುಕೊಂಡು ಅವಳು ಕೊರಗುತ್ತಾಳೆ. ಕಳಿಸಿದರೆ ಮರಿಯಿಂದ ಸಾಕಿದವಳು ಒಂದೇ ನೋಟಕ್ಕೆ ಎಲ್ಲ ಓದುತ್ತಾಳೆ. ವ್ಯಾಪಾರಿ ಫೋನು ಹಿಡಿದುಕೊಂಡು ದರ್ಜಿಯ ಬಳಿಗೆ ಹೋದ. ಅಳಿಸದೆ ಉಳಿದ ನಾಲ್ಕೈದು ಚಿತ್ರ ತೋರಿಸಿದ.

"ಇದರಲ್ಲಿ ಯಾವುದು ಪರವಾಗಿಲ್ಲ ನೋಡಯ್ಯ. ಮಗಳಿಗೆ ಕಳಿಸ್ಬೇಕು."

ದರ್ಜಿ ಕನ್ನಡಕ ಹಾಕಿಕೊಂಡ. ಒಂದೊಂದನ್ನೂ ಬೆರಳಿನಿಂದ ಸರಿಸಿ ನೋಡಿದ. ಬಹಳ ಹೊತ್ತು ನೋಡಿದ.

"ಎಲ್ಲದರಲ್ಲೂ ಚೆನ್ನಾಗಿ ಬಂದಿದ್ದೀರಿ ಸಾವ್ಕಾರ್ರೇ" ಎಂದ.

"ನಾನೆಲ್ಲಿದ್ದೀನಯ್ಯ ಇದರಲ್ಲಿ? ನಾಯಿ ತಾನೆ ಇರೋದು?"

"ನಾಯಿ ಎದುರಿಗೆ ಯಾರು ನಿಂತಿದ್ದಾರೆ ಅನ್ನೋದು ಎಲ್ಲದರಲ್ಲೂ ಕಾಣ್ತದೆ."

ಇಷ್ಟು ಹೇಳಿ ದರ್ಜಿ ಫೋನು ವಾಪಸು ಕೊಟ್ಟು ಯಂತ್ರ ತುಳಿಯತೊಡಗಿದ. ಮೂವತ್ತು ವರ್ಷದಲ್ಲಿ ಅವನು ಸಾಹುಕಾರನಿಗೆ ಎದುರಾಡಿದ್ದು ಅದೊಂದೇ ಸಲ.

ವ್ಯಾಪಾರಿ ಒಳಗೆ ಬಂದು ಚಿತ್ರಗಳನ್ನು ಮತ್ತೆ ನೋಡಿದ. ಈಗ ಕಂಡಿತು. ಒಮ್ಮೆ ಕಂಡದ್ದು ಆಮೇಲೆ ಕಾಣದೆ ಹೋಗುವುದಿಲ್ಲ.  ಏಟಿನ ನೆನಪಿಗಿಂತ ಆ ತಾಯಿಯ ಹಾರೈಕೆಯೇ ಹೆಚ್ಚು ಸುಟ್ಟಿತು. ಅವನು ಎದ್ದು ನಾಯಿ ಇದ್ದಲ್ಲಿಗೆ ಹೋದ. ಜಗುಲಿಯ ಮೂಲೆಯಲ್ಲಿ ಅದು ಗೋಡೆಗೆ ಒತ್ತಿಕೊಂಡಿತ್ತು. ಎದುರಂಗಡಿಯವರು ನೋಡಲಿ ಬಿಡಲಿ ಎಂದು, ದೇವರಿಗೆ ಮುಗಿಯುವ ಹಾಗೆಯೇ, ಎರಡೂ ಕೈ ಎತ್ತಿ ಜೋಡಿಸಿದ.

"ತಪ್ಪಾಯ್ತು ಬೆಲ್ಲ" ಎಂದ.

ನಾಯಿ ಕಣ್ಣು ಮುಚ್ಚಿಕೊಂಡು ತಲೆ ತಗ್ಗಿಸಿತು. ಏಟಿಗೆ ಕಾಯಿತು.

ವ್ಯಾಪಾರಿಗೆ ಮೊದಲು ಬಂದದ್ದು ಸಿಟ್ಟು. ಅಂಗಡಿಯ ಯಜಮಾನ ಕೈ ಮುಗಿದರೂ ಹೀಗೆಯೇ? ಇನ್ನೇನು ಮಾಡಬೇಕಂತೆ ಇದಕ್ಕೆ? ಆ ಸಿಟ್ಟು ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಮೇಲೆ ಅರ್ಥವಾಯಿತು. ಮುಗಿದ ಕೈ ಎಂಬುದು ಮುಗಿದವನಿಗೆ ಗೊತ್ತು. ನೆಲದಿಂದ ನೋಡುವ ನಾಯಿಗೆ ಕಂಡದ್ದು ಮೇಲೆದ್ದ ಕೈ. ಮೊದಲು ಒಂದು ಏಳುತ್ತಿತ್ತು, ಇವತ್ತು ಎರಡೂ ಎದ್ದಿವೆ.

ಅವನು ಕೈ ಇಳಿಸಿದ. ಹೊತ್ತು ಮುಳುಗುವ ಮುಂಚೆ, ಇದ್ದುದರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿದ್ದ ಚಿತ್ರವನ್ನೇ ಮಗಳಿಗೆ ಕಳಿಸಿದ. ಕೆಳಗೆ ಬರೆದ: 'ಮಾತು ತಪ್ಪಿದೆ ಮಗಳೇ. ಕೈ ಎತ್ತಿದೆ. ಹೊಡೆದೆ ಕೂಡ. ಒಂದು ಸಲ ಅಲ್ಲ.'

ಮಗಳು ನೋಡಿದಳು ಎಂಬುದಕ್ಕೆ ಫೋನಿನಲ್ಲಿ ಗುರುತು ಬಂತು. ಉತ್ತರ ಬರಲಿಲ್ಲ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೆಳಿಗ್ಗೆ ಊದುಕಡ್ಡಿ ಹಿಡಿದು ಮೀಟರ್ ಕಡ್ಡಿಯ ಮುಂದೆ ನಿಂತರೆ, ಅದನ್ನು ಕಣ್ಣಿಗೊತ್ತಿಕೊಳ್ಳಲು ಕೈ ಬರಲಿಲ್ಲ. ಮೊಳೆಯಿಂದ ತೆಗೆದು ಗಾದಿಯ ಅಡಿಗೆ ಇಟ್ಟ. ಬೇಕಾದಾಗ ಎಳೆದುಕೊಂಡು ಕೂತಲ್ಲೇ ಅಳೆಯತೊಡಗಿದ.

ಮೂರನೆಯ ದಿನ ಉತ್ತರ ಬಂತು. ಅದರಲ್ಲಿ ಸಿಟ್ಟಿನ ಮಾತೂ ಇರಲಿಲ್ಲ, ಸಮಾಧಾನದ ಮಾತೂ ಇರಲಿಲ್ಲ.

'ದಿನಾ ಒಂದು ಫೋಟೋ ಕಳಿಸು. ಹೆಂಗೆ ಬಂದಿದ್ರೂ ಅಳಿಸಬೇಡ. ಕೂತ್ಕೊಂಡು ತೆಗಿ.'

ಅವತ್ತು ವ್ಯಾಪಾರಿ ಗಾದಿಯಿಂದ ಇಳಿದು ಹೊಸ್ತಿಲ ಕಲ್ಲಿನ ಪಕ್ಕ ನೆಲಕ್ಕೆ ಕೂತ. ಮಂಡಿ ನೋಯಿತು. ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದ. ನಾಯಿ ದೂರದಲ್ಲಿ ನಿಂತಿತ್ತು. ಕಿವಿ ಅಂಟಿತ್ತು. ಹಾಗೇ ಕಳಿಸಿದ. ಎರಡನೆಯ ದಿನವೂ ಅಂಟಿದ ಕಿವಿ, ಅದನ್ನೂ ಕಳಿಸಿದ. ನಾಲ್ಕನೆಯ ದಿನ ನಾಯಿ ಬೆನ್ನು ತೋರಿಸಿತು, ಬೆನ್ನನ್ನೇ ಕಳಿಸಿದ. ಎದುರಂಗಡಿಯವನು ಬಂದು, "ಏನ್ ಸಾವ್ಕಾರ್ರೇ, ಗಾದಿ ಬಿಟ್ಟು ಧೂಳಿಗೆ ಇಳಿದಿದ್ದೀರಿ, ನಾಯೀಗೆ ಅಂಗಡಿ ಬರ್ಕೊಟ್ರಾ?" ಎಂದು ನಕ್ಕ. ವ್ಯಾಪಾರಿಯ ಕಿವಿ ಕೆಂಪಾಯಿತು. ಏಳಲಿಲ್ಲ.

ಒಂದು ದಿನ ಅವನು ಇನ್ನೂ ಕೆಳಗಿಳಿದ. ಮೊಣಕೈ ಊರಿ, ಕೆನ್ನೆ ಕಲ್ಲಿಗೆ ತಾಗುವಷ್ಟು ಬಗ್ಗಿ, ಫೋನನ್ನು ನೆಲದ ಮೇಲೆಯೇ ಇಟ್ಟು ನೋಡಿದ. ಮೂವತ್ತು ವರ್ಷದಿಂದ ಕೂತ ಅಂಗಡಿಯನ್ನು ಅವನು ಅಲ್ಲಿಂದ ನೋಡಿದ್ದು ಅದೇ ಮೊದಲು. ಗಾದಿ ಗುಡ್ಡದ ಹಾಗಿತ್ತು. ಒಳಗೆ ಬಂದ ಗಿರಾಕಿಯ ಮುಖ ಕಾಣಲಿಲ್ಲ, ಚಪ್ಪಲಿ ಕಂಡಿತು. ಬೀದಿಯಲ್ಲಿ ಯಾರೋ ಕೈಯೆತ್ತಿ ಆಟೋ ನಿಲ್ಲಿಸಿದರು. ಅಷ್ಟು ದೂರದ ಕೈಗೆ ಅವನ ಎದೆಯೇ ಒಂದು ಸಲ ಹಾರಿತು.

'ಶಿವನೇ, ಇದು ದಿನಾ ಇಲ್ಲಿಂದ ನೋಡುತ್ತಿತ್ತೇ?' ಎಂದುಕೊಂಡ.

ಕಣ್ಣು ತುಂಬಿ ಫೋನಿನ ಗಾಜು ಕಾಣದಾಯಿತು. ಅವತ್ತು ಚಿತ್ರ ತೆಗೆಯಲಾಗಲಿಲ್ಲ. ಹಾಗೇ ಬಿದ್ದುಕೊಂಡಿದ್ದ. ಗಿರಾಕಿ ಬಂದು ಕರೆದಾಗ ಎದ್ದ.

ದಿನಗಳು ಹೋದವು. ನಾಯಿ ಒಂದು ಮಾರು ದೂರಕ್ಕೆ ಬಂತು. ಆಮೇಲೆ ಒಂದು ಮೊಳಕ್ಕೆ ಬಂತು. ಅವನು ಮುಟ್ಟಲು ಹೋಗಲಿಲ್ಲ, ಕರೆಯಲೂ ಇಲ್ಲ. ಬಿಸ್ಕತ್ತನ್ನು ನೆಲದ ಮೇಲಿಟ್ಟು ಬೇರೆ ಕಡೆ ನೋಡುವನು. ಮಗಳು ಚಿತ್ರಗಳನ್ನೆಲ್ಲ ನೋಡುತ್ತಿದ್ದಳು. ಏನೂ ಬರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಹೊಸ್ತಿಲ ಬಳಿ ಒರಗಿದ್ದಾಗ ನಾಯಿ ತಾನಾಗಿಯೇ ಬಂದು ಅವನ ಮೊಣಕೈ ಪಕ್ಕ ಮಲಗಿತು. ಒಂದು ಸಲ ನಿಟ್ಟುಸಿರು ಬಿಟ್ಟಿತು. ನೆಲದ ಮೇಲಿದ್ದ ಫೋನನ್ನು ಮೂಸಿ ನೋಡಿತು. ಅವನು ಉಸಿರು ಬಿಗಿಹಿಡಿದು, ಕೈ ಎತ್ತದೆ, ಹೆಬ್ಬೆರಳನ್ನು ಮಾತ್ರ ಆಡಿಸಿದ.

ಬೆಳಕು ಮುಖದ ಮೇಲೆ ಸರಿಯಾಗಿ ಬಿದ್ದಿತ್ತು. ಕಣ್ಣು ನೇರವಾಗಿ ನೋಡುತ್ತಿತ್ತು. ಕಿವಿಯಲ್ಲಿ ಒಂದು ನೆಟ್ಟಗೆ ನಿಂತಿತ್ತು. ಇನ್ನೊಂದು ಇನ್ನೂ ನಂಬಿರಲಿಲ್ಲ.

ಅದನ್ನೇ ಮಗಳಿಗೆ ಕಳಿಸಿದ. ಸಂಜೆಯ ಹೊತ್ತಿಗೆ ಅವಳಿಂದ ಒಂದು ಚಿತ್ರ ಬಂತು. ಅವಳ ಮಂಚದ ಎದುರಿನ ಗೋಡೆ. ಅದರ ಮೇಲೆ ಆ ಒಂದು ಕಿವಿ ಎದ್ದ ಬೆಲ್ಲ, ದೊಡ್ಡದಾಗಿ. ಕೆಳಗೆ ಬರೆದಿದ್ದಳು: 'ನಾಳೇನೂ ಕಳಿಸು.'

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ದಾಸೋಹದ ಮನೆಯಿಂದ ಅಕ್ಕಿ ಕೇರುವ ಸದ್ದು ಬರುತ್ತಿತ್ತು. ಷಡಕ್ಷರಿ ಕಾದ. ಕತೆ ಮುಂದುವರಿಯಲಿಲ್ಲ.

"ಆಮೇಲೆ ಗುರುಗಳೇ? ಆ ಇನ್ನೊಂದು ಕಿವಿಯೂ ಎದ್ದಿತೇ?"

ಗುರುಗಳು ಅವನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು.

"ಪುಟ್ಟನಂಜಮ್ಮ ಮೊರ ಹಿಡಿದು ನೆಲದ ಮೇಲೆ ಕೂತಿದ್ದಾಗ, ನೀನು ಆ ಮೂರು ಸಲವೂ ನಿಂತೇ ಕ್ಷಮೆ ಕೇಳಿದೆಯಾ ಮಗು?"

ಷಡಕ್ಷರಿ ತಲೆ ತಗ್ಗಿಸಿದ. ಆಮೇಲೆ ಅಕ್ಕಿ ಕೇರುವ ಸದ್ದಿನ ಕಡೆ ನಡೆದ.